ಇಂಗ್ಲಿಷ್ ಪತ್ರಿಕೆ: ಅಕ್ಕೋರ ಜಗಲಿಗೆ ಪದೇ ಪದೇ ಬರುವ ಪ್ರಶ್ನೆಗಳು

ಡಿಸೆಂಬರ್ ಕಳೆಯಿತೆಂದರೆ ಕುಮಟೆಯ ನಮ್ಮ ಮನೆಯ ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳ ಸಾಲು ಉದ್ದವಾಗುತ್ತದೆ. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಊರಿನವರಿಗೆ ಈಗಲೂ ಅಕ್ಕೋರು. ಸಂಜೆ ಐದೂವರೆಗೆ ಮಕ್ಕಳು ಜಗಲಿಯಲ್ಲಿ ಕೂರುತ್ತಾರೆ. ಅವರನ್ನು ಬಿಡಲು ಬಂದ ಅಪ್ಪಂದಿರು ಬೈಕ್ ಬಂದ್ ಮಾಡದೆ ಗೇಟಿನಲ್ಲೇ ನಿಂತು ಒಂದು ಪ್ರಶ್ನೆ ಎಸೆಯುತ್ತಾರೆ. ಉತ್ತರ ಪೂರ್ತಿ ಕೇಳುವಷ್ಟು ಪುರುಸೊತ್ತು ಅವರಿಗಿರುವುದಿಲ್ಲ. ಅವರಿಗೂ ದೂರದ ಊರುಗಳಿಂದ ಫೋನ್ ಮಾಡುವವರಿಗೂ ಆದೀತೆಂದು ಇದನ್ನು ಬರೆದಿಟ್ಟಿದ್ದೇನೆ. ಹೆಚ್ಚಿನ ಪ್ರಶ್ನೆಗಳು ಎಸ್ಸೆಸ್ಸೆಲ್ಸಿಯವು. ಕೊನೆಯ ಕೆಲವು ನೌಕರಿಗೆ, ವಿದೇಶಕ್ಕೆ ಹೊರಟವರವು.

ಇಂಗ್ಲಿಷ್ ಪತ್ರಿಕೆ ಎಷ್ಟು ಅಂಕದ್ದು?

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ಬರೆಯುವ ಪತ್ರಿಕೆಗೆ 80, ಶಾಲೆಯಲ್ಲೇ ಕೊಡುವ ಆಂತರಿಕ ಅಂಕ 20. ಇಂಗ್ಲಿಷನ್ನೇ ಪ್ರಥಮ ಭಾಷೆಯಾಗಿ ಆರಿಸಿಕೊಂಡವರಿಗೆ 100 ಮತ್ತು 25. ಪತ್ರಿಕೆ ತಯಾರಿಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ನಮ್ಮ ಉತ್ತರ ಕನ್ನಡದಲ್ಲಿ ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿರುವುದರಿಂದ ‘ಶಿರಸಿಯವರಿಗೆ ಸುಲಭದ ಪತ್ರಿಕೆಯಂತೆ’ ಎಂಬ ಗಾಳಿಮಾತು ಪ್ರತಿ ವರ್ಷ ದೇವಿಮನೆ ಘಟ್ಟ ಇಳಿದು ಬರುತ್ತದೆ. ಪತ್ರಿಕೆ ರಾಜ್ಯಕ್ಕೆಲ್ಲ ಒಂದೇ.

ನಮ್ಮ ಹುಡುಗನಿಗೆ ಇಂಗ್ಲಿಷ್ ಮಾತನಾಡಲೇ ಬರುವುದಿಲ್ಲ. ಬರೆಯಲು ಹೇಗೆ ಬಂದೀತು?

ಮಾತನಾಡಲು ಬಾರದ ಎಷ್ಟೋ ಮಕ್ಕಳು ನನ್ನ ಕಣ್ಣೆದುರೇ ಎಪ್ಪತ್ತು ದಾಟಿದ್ದಾರೆ. ಮಾತಿನಲ್ಲಿ ಯೋಚಿಸಲು ಸಮಯವಿಲ್ಲ, ಎದುರಿನವರು ಕಾಯುತ್ತಿರುತ್ತಾರೆ. ಕಾಗದ ಕಾಯುತ್ತದೆ, ನಗುವುದೂ ಇಲ್ಲ.

ಇನ್ನೊಂದು ಮಾತು. ಈ ಜಿಲ್ಲೆಯ ಮಗು ಒಂದೇ ಭಾಷೆಯಲ್ಲಿ ಬೆಳೆದದ್ದು ಅಪರೂಪ. ಕಾರವಾರದ ಮನೆಯಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳದ ಕಡೆ ಮರಾಠಿ. ಘಟ್ಟದ ಮೇಲಿನ ಹವ್ಯಕ ಕನ್ನಡಕ್ಕೂ ಪಠ್ಯಪುಸ್ತಕದ ಕನ್ನಡಕ್ಕೂ ನಡುವೆ ಒಂದು ಹೊಳೆಯಷ್ಟು ಅಂತರ. ಮನೆಯಲ್ಲಿ ಒಂದು ಆಡಿ, ಶಾಲೆಯಲ್ಲಿ ಇನ್ನೊಂದನ್ನು ಬರೆಯುವ ಕಸರತ್ತನ್ನು ನಿಮ್ಮ ಹುಡುಗ ಒಂದನೇ ತರಗತಿಯಿಂದಲೇ ಮಾಡುತ್ತ ಬಂದಿದ್ದಾನೆ. ಇಂಗ್ಲಿಷ್ ಅವನಿಗೆ ಮೂರನೆಯದೋ ನಾಲ್ಕನೆಯದೋ ಆಗುತ್ತದೆ, ಅಷ್ಟೇ. ಅವನೆದುರು ‘ನಮ್ಮವನಿಗೆ ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ’ ಎನ್ನುವುದನ್ನು ಮೊದಲು ನಿಲ್ಲಿಸಿ.

ಗೈಡಿನ ಪ್ರಬಂಧ, ಪತ್ರಗಳನ್ನು ಬಾಯಿಪಾಠ ಮಾಡಿದರೆ ಆಗುವುದಿಲ್ಲವೇ?

ಆಗುತ್ತದೆ, ಗೈಡಿನವರು ಊಹಿಸಿದ್ದೇ ಪ್ರಶ್ನೆಯಾಗಿ ಬಂದರೆ. ಒಮ್ಮೆ ನನ್ನ ತರಗತಿಯ ಹುಡುಗನೊಬ್ಬ ಜ್ವರದ ರಜಾ ಅರ್ಜಿಯನ್ನು ನೀರು ಕುಡಿದಷ್ಟು ಸಲೀಸಾಗಿ ಕಲಿತಿದ್ದ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಬಂದದ್ದು, ಶಾಲಾ ಪ್ರವಾಸಕ್ಕೆ ಹಣ ಕಳಿಸುವಂತೆ ಅಪ್ಪನಿಗೆ ಪತ್ರ. ಅವನು ಎದೆಗುಂದಲಿಲ್ಲ. ‘ಪ್ರೀತಿಯ ಅಪ್ಪ’ ಎಂದು ಆರಂಭಿಸಿ, ತನಗೆ ಮೂರು ದಿನಗಳಿಂದ ಜ್ವರವೆಂದೂ ದಯವಿಟ್ಟು ರಜೆ ಮಂಜೂರು ಮಾಡಬೇಕೆಂದೂ ಬರೆದು, ‘ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಸಹಿ ಹಾಕಿದ್ದ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಅಂಕ ಕೊಡಲು ನನಗೆ ಜಾಗವೂ ಸಿಗಲಿಲ್ಲ.

ಪತ್ರದ ಚೌಕಟ್ಟು ಬಾಯಿಪಾಠ ಮಾಡಿ: ವಿಳಾಸ ಎಲ್ಲಿ, ದಿನಾಂಕ ಎಲ್ಲಿ, ಸಂಬೋಧನೆ ಹೇಗೆ, ಮುಕ್ತಾಯ ಹೇಗೆ. ಒಳಗಿನದು ನಿಮ್ಮದೇ ಆಗಬೇಕು.

ಹಾಗಾದರೆ ದಿನವೂ ಏನು ಮಾಡಬೇಕು?

ಏಳು ಸಾಲು ಬರೆಯಬೇಕು. ನನ್ನ ಇಡೀ ಪಾಠ ಇಷ್ಟೇ, ಉಳಿದದ್ದೆಲ್ಲ ಇದರ ಬಾಲ. ಆ ದಿನ ಕಣ್ಣಾರೆ ಕಂಡದ್ದನ್ನು ಏಳು ಸಾಲು ಇಂಗ್ಲಿಷಿನಲ್ಲಿ, ಕೈಯಲ್ಲೇ, ಮೊಬೈಲ್ ನೋಡದೆ ಬರೆಯುವುದು. ಪದ ಗೊತ್ತಿಲ್ಲದಿದ್ದರೆ ಅಲ್ಲಿ ಕನ್ನಡ ಪದವನ್ನೇ ಹಾಕಿ ಮುಂದೆ ಹೋಗುವುದು; ಬರೆದು ಮುಗಿದ ಮೇಲೆ ನಿಘಂಟು ತೆರೆಯುವುದು.

ತದಡಿಯ ಕಡೆಯ ಒಬ್ಬ ಹುಡುಗಿ ಬರುತ್ತಿದ್ದಳು. ಮೊದಲ ದಿನದ ಅವಳ ಏಳು ಸಾಲಿನಲ್ಲಿ ಮೊದಲನೆಯದು: ‘ಮೈ ಫಾದರ್ ಬೋಟ್ ಕಮ್ ಮಾರ್ನಿಂಗ್’. ಕೆಂಪು ಪೆನ್ನು ತೆಗೆಯಲಿಲ್ಲ ನಾನು. ‘ತಂಗಿ, ಇದನ್ನು ಕನ್ನಡದಲ್ಲಿ ಹೇಳು’ ಎಂದೆ. ‘ಅಪ್ಪನ ದೋಣಿ ಬೆಳಿಗ್ಗೆ ಬಂತು’ ಎಂದಳು. ‘ಅಪ್ಪನ ಎಂದೆಯಲ್ಲ, ಆ ನ ಎಲ್ಲಿ ಹೋಯಿತು?’ ತಲೆ ಕೆರೆದುಕೊಂಡು ‘ಫಾದರ್’ ಎಂಬುದರ ತಲೆಯ ಮೇಲೊಂದು ಕೊಂಬು ಏರಿಸಿ ಎಸ್ ಬರೆದಳು. ‘ಬಂತು ಎಂದೆ, ಬರುತ್ತದೆ ಎಂದೆಯಾ?’ ‘ಕಮ್’ ಹೋಗಿ ‘ಕೇಮ್’ ಆಯಿತು. ‘ಬೆಳಿಗ್ಗೆ’ಯ ಮುಂದೆ ‘ಇನ್ ದ’ ಸೇರಿಸಿದವಳು ನಾನು, ಏಕೆಂದರೆ ಅದಕ್ಕೆ ನಮ್ಮ ಕನ್ನಡದಲ್ಲಿ ಸುಳಿವಿಲ್ಲ. ಒಂದು ಸಾಲಿಗೆ ಹತ್ತು ನಿಮಿಷ ಹಿಡಿಯಿತು. ಆ ತಪ್ಪುಗಳು ಅವಳ ಪುಸ್ತಕದಲ್ಲಿ ಮರುದಿನವೂ ಬಂದವು, ಅದರ ಮರುದಿನವೂ ಬಂದವು, ಎರಡನೇ ವಾರಕ್ಕೆ ನಿಂತವು. ಹೊಸ ತಪ್ಪುಗಳು ಬಂದವು. ಅದೇ ಪ್ರಗತಿ.

ಕನ್ನಡದ ಮಕ್ಕಳು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?

ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳಿಗೆ ಇದು ಇಷ್ಟದ ಪ್ರಶ್ನೆ, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದೀತು.

ಮೊದಲನೆಯದು, ಕರ್ತೃ ಕಾಣೆಯಾಗುವುದು. ಕನ್ನಡದಲ್ಲಿ ‘ಬಂದನು’ ಎಂದರೆ ಬಂದವರು ಯಾರೆಂದು ಕ್ರಿಯಾಪದವೇ ಹೇಳಿಬಿಡುತ್ತದೆ. ಇಂಗ್ಲಿಷಿನ ‘ಕೇಮ್’ ಏನನ್ನೂ ಹೇಳುವುದಿಲ್ಲ. ನಾನೋ ನೀನೋ ಅವನೋ ಎಂದು ಬಾಯಿಬಿಟ್ಟು ಹೇಳಲೇಬೇಕು. ಇದರ ಮಗ್ಗುಲಲ್ಲೇ ಒಂದು ವಿಚಿತ್ರವಿದೆ. ಬರುತ್ತೇನೆ, ಬರುತ್ತೀಯೆ, ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತಾರೆ ಎಂದು ಅರ್ಧ ಡಜನ್ ರೂಪಗಳನ್ನು ನಿದ್ದೆಯಲ್ಲೂ ತಪ್ಪದ ಮಗು, ಇಂಗ್ಲಿಷಿನ ವರ್ತಮಾನದಲ್ಲಿ ಬದಲಾಗುವ ಒಂದೇ ಒಂದು ಜಾಗವನ್ನು ಮರೆಯುತ್ತದೆ. ಅವನು, ಅವಳು, ಅದು ಬಂದಾಗ ಕ್ರಿಯಾಪದದ ಬಾಲಕ್ಕೆ ಒಂದು ಎಸ್. ಇಷ್ಟು ಅಗ್ಗದ ತೆರಿಗೆಯನ್ನೂ ಕಟ್ಟುವುದಿಲ್ಲ ನಮ್ಮ ಮಕ್ಕಳು.

ಎರಡನೆಯದು ‘ಇಂದ’. ‘ಹತ್ತು ವರ್ಷದಿಂದ ಅಂಕೋಲೆಯಲ್ಲಿದ್ದೇವೆ’ ಎಂಬುದರ ‘ಇಂದ’ವನ್ನು ‘ಫ್ರಮ್’ ಮಾಡುತ್ತಾರೆ. ಎಷ್ಟು ಕಾಲ ಎಂಬುದಕ್ಕೆ ‘ಫಾರ್’, ಯಾವಾಗ ಆರಂಭವಾಯಿತು ಎಂಬುದಕ್ಕೆ ‘ಸಿನ್ಸ್’. ಹತ್ತು ವರ್ಷಕ್ಕೆ ‘ಫಾರ್’, 2015ಕ್ಕೆ ‘ಸಿನ್ಸ್’. ಅದರ ಹಿಂದಿನ ಕ್ರಿಯಾಪದಕ್ಕೂ ಬರಿಯ ‘ಆರ್’ ಸಾಲದು, ‘ಹ್ಯಾವ್ ಬೀನ್’ ಬೇಕು.

ಮೂರನೆಯದು, ಕನ್ನಡದ ಒಂದು ಪದ ಇಂಗ್ಲಿಷಿನಲ್ಲಿ ಎರಡಾಗುವ ಕಡೆ. ನಾವು ಪೇಪರನ್ನೂ ಓದುತ್ತೇವೆ, ಹತ್ತನೆಯ ತರಗತಿಯನ್ನೂ ಓದುತ್ತೇವೆ. ಅವರು ಪೇಪರನ್ನು ‘ರೀಡ್’ ಮಾಡುತ್ತಾರೆ, ಹತ್ತನೆಯದನ್ನು ‘ಸ್ಟಡಿ’ ಮಾಡುತ್ತಾರೆ. ನಮ್ಮ ‘ಹೇಳಿದ’ ಅಲ್ಲಿ ‘ಸೆಡ್’ ಮತ್ತು ‘ಟೋಲ್ಡ್’ ಆಗಿ ಒಡೆಯುತ್ತದೆ; ಯಾರಿಗೆ ಹೇಳಿದ ಎಂಬುದು ಆ ಪದದ ನಂತರ ಕೂಡಲೇ ಬರುವುದಾದರೆ ‘ಟೋಲ್ಡ್’ ಬರೆಯಿರಿ.

‘ಎ’, ‘ಆ್ಯನ್’, ‘ದ’ ಎಂಬ ಮೂರು ಪುಟ್ಟ ಪದಗಳು ಕನ್ನಡದಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಅವು ಬಿಟ್ಟುಹೋದದ್ದು ಕಿವಿಗೆ ಕೇಳಿಸುವುದೂ ಇಲ್ಲ. ಒರಟಾದ ಒಂದು ಉಪಾಯ ಹೇಳುತ್ತೇನೆ. ಎಣಿಸಬಹುದಾದ ಒಂದೇ ವಸ್ತು ಮೊದಲ ಸಲ ಬಂದಾಗ ‘ಎ’, ಅದೇ ವಸ್ತು ಮತ್ತೆ ಬಂದಾಗ ‘ದ’. ಒಂದು ದೋಣಿ ಬಂತು, ಆ ದೋಣಿ ಹಳೆಯದಾಗಿತ್ತು. ಕನ್ನಡದಲ್ಲಿ ‘ಒಂದು’, ‘ಆ’ ಎಂದು ಸೇರಿಸಿ ಓದಿ ನೋಡಿ, ಬಹಳ ಕಡೆ ಸರಿಹೋಗುತ್ತದೆ. ಎಲ್ಲ ಕಡೆ ಅಲ್ಲ. ಅಲ್ಲದ ಕಡೆಗಳನ್ನು ಕಲಿಯಲು ಪಿಯುಸಿ ಇದೆ.

ಇನ್ನು ದೊಡ್ಡಕ್ಷರ. ನಮ್ಮ ಲಿಪಿಯಲ್ಲಿ ದೊಡ್ಡದು, ಚಿಕ್ಕದು ಎಂಬ ಭೇದವಿಲ್ಲ. ಆದ್ದರಿಂದ ಹೊನ್ನಾವರವೂ ಗೋಕರ್ಣವೂ ಚಿಕ್ಕಕ್ಷರದಲ್ಲಿ ಕುಗ್ಗಿ ಕೂರುತ್ತವೆ. ‘ನಾನು’ ಎಂಬ ಒಂಟಿ ಐ ಕೂಡ ಚಿಕ್ಕದಾಗುತ್ತದೆ. ಬರೆದು ಮುಗಿಸಿದ ಮೇಲೆ ಬೇರೆ ಏನನ್ನೂ ನೋಡದೆ, ದೊಡ್ಡಕ್ಷರ ಮತ್ತು ಪೂರ್ಣವಿರಾಮಗಳಿಗಾಗಿಯೇ ಒಂದು ಸುತ್ತು ಕಣ್ಣಾಡಿಸಿ.

ಸ್ಪೆಲ್ಲಿಂಗ್ ನೆನಪಿಡುವುದು ಹೇಗೆ?

ನಾವು ಉಚ್ಚರಿಸಿದಂತೆ ಬರೆಯುವ ಜನ, ಇಂಗ್ಲಿಷಿನವರು ಹಾಗಲ್ಲ. ಆದ್ದರಿಂದ ಪ್ರತಿ ಕಷ್ಟದ ಪದಕ್ಕೂ ಮನಸ್ಸಿನಲ್ಲಿ ಒಂದು ಕಳ್ಳ ಉಚ್ಚಾರಣೆ ಇಟ್ಟುಕೊಳ್ಳಿ. ಬುಧವಾರವನ್ನು ‘ವೆಡ್‌-ನೆಸ್‌-ಡೇ’ ಎಂದೂ ಚಾಕುವನ್ನು ‘ಕ್ನೈಫೆ’ ಎಂದೂ ಒಳಗೊಳಗೇ ಹೇಳಿಕೊಂಡರೆ ಅಕ್ಷರ ಬಿಟ್ಟುಹೋಗುವುದಿಲ್ಲ. ಜೋರಾಗಿ ಮಾತ್ರ ಹೇಳಬೇಡಿ.

ನಮ್ಮ ‘ವ’ ಒಂದೇ, ಅವರಿಗೆ ವಿ ಮತ್ತು ಡಬ್ಲ್ಯು ಎರಡು. ಕಾರವಾರದ ಪಶ್ಚಿಮಕ್ಕೆ ಅರಬ್ಬೀ ಸಮುದ್ರವಿದೆ ಎಂದು ಬರೆಯಹೊರಟ ಹುಡುಗನೊಬ್ಬ ‘ವೆಸ್ಟ್’ಗೆ ವಿ ಹಾಕಿಬಿಟ್ಟ. ಕಾರವಾರದ ಬನಿಯನ್ನಿನಲ್ಲಿ ಸಮುದ್ರ ಸೇರಿಕೊಂಡಿತು. ಇಡೀ ತರಗತಿ ನಕ್ಕಿತು, ಅವನೂ ನಕ್ಕ. ಆಮೇಲೆ ಯಾರೂ ಆ ತಪ್ಪು ಮಾಡಲಿಲ್ಲ.

ಪತ್ರಲೇಖನದಲ್ಲಿ ನಮ್ಮ ಹೆಸರು, ನಮ್ಮ ಶಾಲೆಯ ಹೆಸರು ಬರೆಯಬಹುದೇ?

ಬೇಡ. ಪ್ರಶ್ನೆಯಲ್ಲೇ ಒಂದು ಹೆಸರು, ಊರು ಕೊಟ್ಟಿರುತ್ತಾರೆ; ನೀವೇ ಆ ವ್ಯಕ್ತಿ ಎಂದುಕೊಂಡು ಬರೆಯಿರಿ. ಉತ್ತರಪತ್ರಿಕೆಯ ಒಳಗೆ ನಿಮ್ಮ ಗುರುತು ಕಾಣಬಾರದು. ಪತ್ರಕ್ಕೆ 5 ಅಂಕ. ಚೌಕಟ್ಟು ಸರಿ ಇದ್ದು, ಕೇಳಿದ ವಿಷಯವನ್ನು ಮೊದಲ ಎರಡು ವಾಕ್ಯದಲ್ಲೇ ಹೇಳಿದರೆ ಅದರ ದೊಡ್ಡ ಪಾಲು ನಿಮ್ಮ ಕಿಸೆಯಲ್ಲಿ. ಅಪ್ಪನಿಗೆ ಬರೆಯುವ ಪತ್ರದಲ್ಲಿ ‘ಮಾನ್ಯರೇ’ ಬೇಡ, ಮುಖ್ಯೋಪಾಧ್ಯಾಯರಿಗೆ ‘ಪ್ರೀತಿಯ’ ಬೇಡ.

ಪ್ರಬಂಧಕ್ಕೆ ವಿಷಯವೇ ಹೊಳೆಯುವುದಿಲ್ಲ. ಏನು ಮಾಡಲಿ?

ನಿಮ್ಮ ಊರಿನಲ್ಲಿ ಇರುವಷ್ಟು ವಿಷಯ ಗೈಡಿನಲ್ಲಿ ಇಲ್ಲ. ಪರಿಸರ ಎಂದು ಬಂದರೆ ಎಲ್ಲರೂ ‘ಮರಗಳು ನಮಗೆ ಆಮ್ಲಜನಕ ಕೊಡುತ್ತವೆ’ ಎಂದೇ ಆರಂಭಿಸುತ್ತಾರೆ. ನೂರನೆಯ ಸಲ ಅದನ್ನು ಓದುವ ಮೌಲ್ಯಮಾಪಕರ ಮುಖವನ್ನು ಒಮ್ಮೆ ನೆನಪಿಸಿಕೊಳ್ಳಿ. ಅದರ ಬದಲು ಅಘನಾಶಿನಿಯಿಂದ ಆರಂಭಿಸಿ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ, ಎಲ್ಲೂ ಅಣೆಕಟ್ಟಿಗೆ ಸಿಕ್ಕದೆ, ನಮ್ಮ ಕುಮಟೆಯ ಪಕ್ಕದಲ್ಲೇ ಕಡಲು ಸೇರುವ ಹೊಳೆ. ಅಳಿವೆಯಲ್ಲಿ ಬೆಳಚು ಎಂಬ ಚಿಪ್ಪುಮೀನು ಆರಿಸುವ ಹೆಂಗಸರಿದ್ದಾರೆ, ಗಜನಿ ಗದ್ದೆಯ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತವಿದೆ, ಸಾಣಿಕಟ್ಟೆಯ ಉಪ್ಪಿನಾಗರವಿದೆ. ‘ಬೆಳಚು’, ‘ಕಗ್ಗ’ ಎಂಬ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಗೆಯೇ ಬರೆದು, ಮುಂದೆ ಒಂದು ಅಲ್ಪವಿರಾಮ ಹಾಕಿ, ಅದೇನೆಂದು ಮೂರು ಪದದಲ್ಲಿ ವಿವರಿಸಿದರೆ ಸಾಕು.

ಮೀನುಗಾರಿಕೆಯ ಬಗ್ಗೆ ಬಂದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ ಎಂಬ ಒಂದು ವಾಕ್ಯ, ‘ಮೀನು ಬಹಳ ಮುಖ್ಯ’ ಎಂಬ ಹತ್ತು ವಾಕ್ಯಕ್ಕೆ ಸಮ. ನಿಮ್ಮ ಜಿಲ್ಲೆಯ ಬಗ್ಗೆ ಕೇಳಿದರೆ, 1883ರಲ್ಲಿ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದರು ಎಂದು ಬರೆಯಬಹುದು. ಕಾರವಾರದ ಕಡಲ ತೀರಕ್ಕೆ ಠಾಕೂರರ ಹೆಸರು ಬಂದದ್ದು ಸುಮ್ಮನೆ ಅಲ್ಲ.

ವಾಕ್ಯಗಳು ಚಿಕ್ಕದಾಗಿರಲಿ. ‘ವಿಚ್’, ‘ಹೂ’, ‘ದ್ಯಾಟ್’ ಹಾಕಿ ಮೂರು ಸಾಲಿನ ಗೂಡ್ಸ್ ರೈಲು ಕಟ್ಟಿದರೆ ಡಬ್ಬಿ ಎಲ್ಲೋ ಹಳಿ ತಪ್ಪುತ್ತದೆ.

ಪದ್ಯ ನೆನಪಿನಿಂದ ಬರೆಯುವ ಪ್ರಶ್ನೆಗೆ?

ಅದು ಮೊದಲೇ ಗೊತ್ತಿರುವ ಪ್ರಶ್ನೆ. ಬಿಡುವವನು ಬೆಪ್ಪ. ಬಾಯಲ್ಲಿ ಹೇಳಿ ಕಲಿತು ಬಿಡಬೇಡಿ, ಬರೆದು ಕಲಿಯಿರಿ. ಸಾಲು ಎಲ್ಲಿ ಒಡೆಯುತ್ತದೆ, ಅಲ್ಪವಿರಾಮ ಎಲ್ಲಿದೆ ಎಂಬುದು ಬಾಯಿಗೆ ಗೊತ್ತಿರುವುದಿಲ್ಲ, ಕೈಗೆ ಗೊತ್ತಿರುತ್ತದೆ.

ಓದದೇ ಇದ್ದ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರಲ್ಲ, ಅದಕ್ಕೆ ತಯಾರಿ ಹೇಗೆ?

ಮೊದಲು ಪ್ರಶ್ನೆ ಓದಿ, ಆಮೇಲೆ ಗದ್ಯ. ಉತ್ತರ ಅಲ್ಲೇ ಇದೆ, ಹೊರಗಿನಿಂದ ತರಬೇಡಿ. ಗೊತ್ತಿಲ್ಲದ ಪದ ಸಿಕ್ಕರೆ ನಿಲ್ಲಬೇಡಿ, ಮುಂದಿನ ವಾಕ್ಯ ಅದರ ಅರ್ಥ ಹೇಳಿಬಿಡುವುದು ಹೆಚ್ಚು. ಹತ್ತು ಪದ ಗೊತ್ತಿಲ್ಲದೆಯೂ ಎರಡು ಪ್ರಶ್ನೆಗೆ ಸರಿ ಉತ್ತರ ಬರೆಯಬಹುದು. ಕೊಂಕಣಿ ಬಾರದ ನನ್ನ ಅತ್ತೆ ಮೀನು ಪೇಟೆಯಲ್ಲಿ ಐವತ್ತು ವರ್ಷ ವ್ಯಾಪಾರ ಕುದುರಿಸಿದ್ದು ಹೀಗೆಯೇ.

ಯಾವ ಪೆನ್ನು ಒಳ್ಳೆಯದು?

ನಗಬೇಡಿ, ಕರಾವಳಿಯಲ್ಲಿ ಇದು ಗಂಭೀರ ಪ್ರಶ್ನೆ. ಮಾರ್ಚ್, ಏಪ್ರಿಲ್‌ನ ಸೆಕೆಯಲ್ಲಿ ಹನ್ನೊಂದು ಗಂಟೆಗೆ ಅಂಗೈಯಿಂದ ನೀರು ತೊಟ್ಟಿಕ್ಕುತ್ತದೆ. ಜೆಲ್ ಪೆನ್ನಿನಲ್ಲಿ ಬರೆದ ಸಾಲಿನ ಮೇಲೆ ಆ ಕೈ ಸರಿದರೆ ಅಕ್ಷರಗಳು ಮಳೆಯಲ್ಲಿ ನೆನೆದ ರಂಗೋಲಿ. ನೀಲಿ ಬಾಲ್‌ಪೆನ್ ಸಾಕು, ಅದೂ ಒಂದು ತಿಂಗಳಾದರೂ ಕೈಗೆ ಪಳಗಿದ್ದು. ಪರೀಕ್ಷೆಗೆಂದು ಹೊಸದಾಗಿ ಕೊಂಡ ದುಬಾರಿ ಪೆನ್ನು ಬೇಡ. ಪಳಗಿದಂಥವೇ ಎರಡು ಇರಲಿ. ಬರೆಯುವ ಕೈಯ ಕೆಳಗೆ ಮಡಚಿದ ಹತ್ತಿಯ ಕರವಸ್ತ್ರ ಇಟ್ಟು, ಸಾಲು ಇಳಿದಂತೆ ಅದನ್ನೂ ಇಳಿಸುತ್ತ ಹೋಗಿ. ನಮ್ಮ ಮಕ್ಕಳಿಗೆ ಇದನ್ನು ಜನವರಿಯಲ್ಲೇ ಅಭ್ಯಾಸ ಮಾಡಿಸುತ್ತೇನೆ. ಮೊದಲು ಕಿರಿಕಿರಿ ಎನ್ನುತ್ತಾರೆ, ಏಪ್ರಿಲ್‌ನಲ್ಲಿ ನೆನೆಯುತ್ತಾರೆ.

ಅಕ್ಷರ ಮುತ್ತಿನಂತಿರಬೇಕಾಗಿಲ್ಲ. ಓದಲು ಬಂದರೆ ಆಯಿತು. ಪದಗಳ ನಡುವೆ ಕಿರುಬೆರಳಷ್ಟು ಜಾಗ, ಒಂದು ಉತ್ತರ ಮುಗಿದ ಮೇಲೆ ಒಂದು ಸಾಲು ಖಾಲಿ.

ಜಾತ್ರೆ, ಯಕ್ಷಗಾನ ಎಲ್ಲ ಇದೇ ಹೊತ್ತಿಗೆ ಬರುತ್ತವೆ. ಮಕ್ಕಳನ್ನು ಕಳಿಸಬೇಕೇ?

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ಪರೀಕ್ಷೆಯ ಆಸುಪಾಸಿನಲ್ಲೇ. ಒಂಬತ್ತು ದಿನ ಮಗುವನ್ನು ಕೋಣೆಯಲ್ಲಿ ಕೂಡಿ ಹಾಕಿದರೆ ಅದರ ಕಣ್ಣು ಪುಸ್ತಕದ ಮೇಲೆ, ಕಿವಿ ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ. ಒಂದು ದಿನ ಕಳಿಸಿ. ತೊಟ್ಟಿಲು ಹತ್ತಲಿ, ಬತ್ತಾಸು ತಿನ್ನಲಿ, ರಾತ್ರಿ ಒಂಬತ್ತಕ್ಕೆ ಮನೆಗೆ ಬರಲಿ. ಮರುದಿನದ ಏಳು ಸಾಲು ಆ ಜಾತ್ರೆಯ ಬಗ್ಗೆಯೇ ಇರಲಿ. ಯಕ್ಷಗಾನದ ಮಾತು ಬೇರೆ. ಬೆಳಗಿನ ತನಕ ನಿದ್ದೆಗೆಟ್ಟರೆ ಎರಡು ದಿನ ಹೋದಂತೆ. ಪರೀಕ್ಷೆ ಮುಗಿದ ಮೇಲೂ ಮೇಳಗಳ ತಿರುಗಾಟ ಇದ್ದೇ ಇರುತ್ತದೆ.

ಹಿಂದಿನ ರಾತ್ರಿ ಏನು ಓದಬೇಕು?

ನಿಮ್ಮದೇ ಏಳು ಸಾಲಿನ ಪುಸ್ತಕ. ಅದರಲ್ಲಿ ತಿದ್ದಿದ ಜಾಗಗಳನ್ನು ಮಾತ್ರ. ಹತ್ತಕ್ಕೆ ಮಲಗಿ. ಬೆಳಿಗ್ಗೆ ಗಂಜಿ ಅಥವಾ ದೋಸೆ, ಹೊಟ್ಟೆ ಬಿರಿಯುವಷ್ಟು ಬೇಡ. ಪರೀಕ್ಷೆ ಹತ್ತಕ್ಕೆ ಆದರೆ ಒಂಬತ್ತೂಕಾಲಿಗೆ ಕೇಂದ್ರದಲ್ಲಿರಿ. ಒಳ ಹಳ್ಳಿಯಿಂದ ಬರುವವರು ಒಂದು ಬಸ್ಸು ತಪ್ಪಿದರೂ ಮುಂದಿನದರಲ್ಲಿ ತಲುಪುವಂತೆ ಹೊರಡಬೇಕು. ಹೆದ್ದಾರಿಯಲ್ಲಿ ಲಾರಿ ಕೆಟ್ಟು ನಿಲ್ಲಲು ಪರೀಕ್ಷೆಯ ದಿನವೇ ಬೇಕೆಂದಿಲ್ಲ, ಆದರೆ ನಿಂತೀತು. ಹಾಲ್ ಟಿಕೆಟ್ಟನ್ನು ರಾತ್ರಿಯೇ ಕಂಪಾಸು ಪೆಟ್ಟಿಗೆಯ ಕೆಳಗೆ ಇಡಿ, ದೇವರ ಪಟದ ಹಿಂದೆ ಬೇಡ. ಪೂಜೆ ಮಾಡಿ ಅಲ್ಲೇ ಮರೆತು ಬಂದವರನ್ನು ಕಂಡಿದ್ದೇನೆ.

ಕೋಣೆಯೊಳಗೆ ಹೋದ ಮೇಲೆ ಯಾವುದನ್ನು ಮೊದಲು ಬರೆಯಬೇಕು?

ಪ್ರಶ್ನೆಪತ್ರಿಕೆ ಓದಲೆಂದೇ ಹದಿನೈದು ನಿಮಿಷ ಕೊಡುತ್ತಾರೆ. ಅದನ್ನು ಓದಲಿಕ್ಕೇ ಬಳಸಿ, ಕೊನೆಯ ಪುಟದ ಕೊನೆಯ ಸಾಲಿನವರೆಗೆ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಕಾಲೇಜಿನಲ್ಲಿದ್ದಾಗ ಇಂಗ್ಲಿಷ್ ಪತ್ರಿಕೆಯ ಹಿಂಬದಿಯನ್ನು ತಿರುವಿಯೇ ನೋಡಲಿಲ್ಲ. ಅರ್ಧ ಗಂಟೆ ಮೊದಲೇ ಮುಗಿಸಿ, ಕೈಕಟ್ಟಿ ಕುಳಿತು, ಇನ್ನೂ ಬರೆಯುತ್ತಿದ್ದವರನ್ನು ಕನಿಕರದಿಂದ ನೋಡಿದೆ. ಹೊರಗೆ ಬಂದಾಗ ಗೆಳತಿ ‘ಆ ಕೊನೆಯ ಪ್ರಬಂಧಕ್ಕೆ ಏನು ಬರೆದೆ?’ ಎಂದಳು. ಯಾವ ಪ್ರಬಂಧ ಎಂದು ಕೇಳುವ ಧೈರ್ಯವೂ ಬರಲಿಲ್ಲ. ಆ ವರ್ಷದ ಅಂಕಪಟ್ಟಿಯನ್ನು ಅಪ್ಪ ಎರಡು ಸಲ ನೋಡಿ, ಏನೂ ಹೇಳದೆ, ತೋಟಕ್ಕೆ ಹೋದರು.

ಬರೆಯುವ ಕ್ರಮ ನಿಮ್ಮಿಷ್ಟ, ಪ್ರಶ್ನೆಸಂಖ್ಯೆ ಮಾತ್ರ ಪತ್ರಿಕೆಯಲ್ಲಿದ್ದಂತೆ. ನನ್ನ ಸಲಹೆ ಒಂದಂಕದವು ಮೊದಲು, ಆಮೇಲೆ ಪತ್ರ, ಪ್ರಬಂಧ, ಪದ್ಯ. ಉಳಿದ ಪಾಠದ ಪ್ರಶ್ನೆಗಳು ಕೊನೆಗೆ. ಪತ್ರವನ್ನು ಕೊನೆಗೆ ಇಟ್ಟುಕೊಂಡವರು ಅದನ್ನು ಓಡುತ್ತ ಬರೆಯುತ್ತಾರೆ. ಒಂದು ಅಂಕಕ್ಕೆ ಎರಡು ನಿಮಿಷದಂತೆ 80 ಅಂಕಕ್ಕೆ 160 ನಿಮಿಷ. ಎರಡು ಅಂಕದ ಪ್ರಶ್ನೆಗೆ ಅರ್ಧ ಪುಟ ತುಂಬಿಸುವುದು ಉದಾರತನ. ಅದರ ಸಾಲ ತೀರಿಸುವುದು ಪ್ರಬಂಧ.

ಉತ್ತರ ಗೊತ್ತಿಲ್ಲದಿದ್ದರೂ ಖಾಲಿ ಬಿಡಬೇಡಿ. ಪಾಠದ ಬಗ್ಗೆ ಗೊತ್ತಿರುವ ಸಂಬಂಧಪಟ್ಟ ಎರಡು ವಾಕ್ಯವಾದರೂ ಇರಲಿ. ಪ್ರಶ್ನೆಯನ್ನೇ ಮತ್ತೆ ಬರೆದು ಜಾಗ ತುಂಬಿಸುವ ಹಳೆಯ ಉಪಾಯಕ್ಕೆ ಮಾತ್ರ ಯಾರೂ ಮೋಸಹೋಗುವುದಿಲ್ಲ.

ಪಕ್ಕದವರು ತೋರಿಸಿದರೆ ನೋಡಬಹುದೇ?

ಇಲ್ಲ. ಈಗ ಕೋಣೆಯಲ್ಲಿ ಕ್ಯಾಮೆರಾ ಇದೆ. ಅದು ಇಲ್ಲದಿದ್ದ ಕಾಲದಲ್ಲೂ ಪಕ್ಕದವನ ತಪ್ಪನ್ನು ಅಚ್ಚುಕಟ್ಟಾಗಿ ನಕಲು ಮಾಡಿದವರೇ ಹೆಚ್ಚು.

ಅಂಕ ನಿರೀಕ್ಷೆಗಿಂತ ಬಹಳ ಕಡಿಮೆ ಬಂದರೆ?

ಮೊದಲು ಉತ್ತರಪತ್ರಿಕೆಯ ಪ್ರತಿಗೆ ಅರ್ಜಿ ಹಾಕಿ, ಕಣ್ಣಾರೆ ನೋಡಿ. ಕೂಡುವುದರಲ್ಲಿ ತಪ್ಪಿದ್ದರೆ ಮರುಎಣಿಕೆ, ಉತ್ತರ ಸರಿಯಿದ್ದೂ ಅಂಕ ಕೊಟ್ಟಿಲ್ಲವೆನಿಸಿದರೆ ಮರುಮೌಲ್ಯಮಾಪನ. ಕೊನೆಯ ದಿನಾಂಕ ದಾಟಿದರೆ ಯಾರೂ ಏನೂ ಮಾಡಲಾರರು, ಆದ್ದರಿಂದ ಫಲಿತಾಂಶದ ದಿನವೇ ಶಾಲೆಯಲ್ಲಿ ಕೇಳಿಕೊಳ್ಳಿ. 2024ರಿಂದ ‘ಸಪ್ಲಿಮೆಂಟರಿ’ ಎಂಬ ಹೆಸರು ಹೋಗಿ ಪರೀಕ್ಷೆ 1, ಪರೀಕ್ಷೆ 2 ಎಂಬ ಕ್ರಮ ಬಂದಿದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಹೆಚ್ಚು ಬಂದದ್ದೇ ಉಳಿಯುತ್ತದೆ. ನೆಂಟರ ಮನೆಯ ಮದುವೆಯಲ್ಲಿ ‘ಎಷ್ಟು ಬಂತು?’ ಎಂದು ಕೇಳುವವರಿಗೆ ಉತ್ತರ ಕೊಡುವ ಬಾಧ್ಯತೆ ಯಾವ ನಿಯಮದಲ್ಲೂ ಇಲ್ಲ.

ಐಎಎಸ್‌ಗೆ ಓದುತ್ತಿದ್ದೇನೆ, ಕನ್ನಡದಲ್ಲೇ ಬರೆಯುವವನು. ಇಂಗ್ಲಿಷ್ ಪತ್ರಿಕೆಗೆ ಹೆದರಬೇಕೇ?

ಹೆದರಬೇಡಿ, ಆದರೆ ಅಸಡ್ಡೆಯೂ ಬೇಡ. ಮುಖ್ಯ ಪರೀಕ್ಷೆಯ ಕಡ್ಡಾಯ ಇಂಗ್ಲಿಷ್ ಪತ್ರಿಕೆ 300 ಅಂಕದ್ದು. ಶೇ. 25 ಬಂದರೆ ಸಾಕು, ಆ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಬರದಿದ್ದರೆ ಮಾತ್ರ ನಿಮ್ಮ ಉಳಿದ ಪತ್ರಿಕೆಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪ್ರಬಂಧಕ್ಕೆ 100, ಗದ್ಯ ಗ್ರಹಿಕೆಗೆ 75, ಸಂಕ್ಷೇಪಕ್ಕೆ 75, ಉಳಿದ 50 ವ್ಯಾಕರಣ, ಪದಪ್ರಯೋಗಕ್ಕೆ. ಸಂಕ್ಷೇಪವನ್ನು ಮೂಲದ ಮೂರನೇ ಒಂದಕ್ಕೆ ಇಳಿಸಬೇಕು, ಅದೂ ನಿಮ್ಮ ಮಾತಿನಲ್ಲಿ. ವಾರಕ್ಕೆ ಎರಡು ಸಂಪಾದಕೀಯಗಳನ್ನು ಹೀಗೆ ಇಳಿಸಿ ನೋಡಿ. ಮೇಲೆ ಹೇಳಿದೆನಲ್ಲ, ಕಾರವಾರದ ನ್ಯಾಯಾಧೀಶರಾಗಿದ್ದ ಆ ಸತ್ಯೇಂದ್ರನಾಥರು, 1863ರಲ್ಲಿ ಲಂಡನ್ನಿನಲ್ಲಿ ಐಸಿಎಸ್, ಅಂದರೆ ಬ್ರಿಟಿಷರ ಕಾಲದ ಐಎಎಸ್, ಪರೀಕ್ಷೆ ಗೆದ್ದ ಮೊದಲ ಭಾರತೀಯ. ಅವರಿಗೆ ಹಡಗು ಹತ್ತಿ ಹೋಗಬೇಕಿತ್ತು. ನಿಮಗೆ ಬಸ್ಸು ಸಾಕು.

ನರ್ಸಿಂಗ್ ಮುಗಿಸಿದ ಮಗಳು ಹೊರದೇಶಕ್ಕೆ ಹೋಗಬೇಕೆಂದಿದ್ದಾಳೆ. ಅದಕ್ಕೆ ಬರೆಯುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಬರವಣಿಗೆ ಕಷ್ಟವಂತೆ, ಹೌದೇ?

ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳಲ್ಲಿ ನಮ್ಮವರು ಹೆಚ್ಚಾಗಿ ಸಿಕ್ಕಿಬೀಳುವುದು ಬರವಣಿಗೆಯಲ್ಲೇ. ಒಟ್ಟು 60 ನಿಮಿಷ, ಎರಡು ಕೆಲಸ. ಮೊದಲನೆಯದು ಕನಿಷ್ಠ 150 ಪದ. ಅಕಾಡೆಮಿಕ್ ವಿಭಾಗದಲ್ಲಿ ನಕ್ಷೆ ಅಥವಾ ಕೋಷ್ಟಕದ ವಿವರಣೆ, ಜನರಲ್‌ನಲ್ಲಿ ಪತ್ರ. ಎರಡನೆಯದು ಕನಿಷ್ಠ 250 ಪದಗಳ ಪ್ರಬಂಧ, ತೂಕ ಮೊದಲನೆಯದರ ಎರಡರಷ್ಟು. ಆದ್ದರಿಂದ ಮೊದಲನೆಯದಕ್ಕೆ ಇಪ್ಪತ್ತೇ ನಿಮಿಷ, ಎರಡನೆಯದಕ್ಕೆ ನಲವತ್ತು. ಕೇಳಿದ್ದಕ್ಕೆ ಉತ್ತರ ಇದೆಯೇ, ವಿಚಾರ ಒಂದರಿಂದ ಒಂದಕ್ಕೆ ಹರಿಯುತ್ತದೆಯೇ, ಪದಸಂಪತ್ತು, ವ್ಯಾಕರಣ ಎಂಬ ನಾಲ್ಕನ್ನು ನೋಡುತ್ತಾರೆ. ಬಾಯಿಪಾಠದ ಪ್ರಬಂಧವನ್ನು ಗುರುತಿಸಲು ಅಲ್ಲಿನ ಪರೀಕ್ಷಕರಿಗೆ ತರಬೇತಿಯೇ ಇದೆ, ಗೈಡಿನ ಕಥೆ ಅಲ್ಲೂ ಅದೇ. ಫಲಿತಾಂಶ ಎರಡು ವರ್ಷ ಮಾತ್ರ ಊರ್ಜಿತ, ಆದ್ದರಿಂದ ಕಾಗದಪತ್ರ ಸಿದ್ಧವಾಗುವ ಮೊದಲೇ ಅವಸರದಿಂದ ಬರೆಯಬೇಡಿ.

ಅವಳು ನರ್ಸ್ ಆಗಿರುವುದರಿಂದ ಒಇಟಿ ಎಂಬ ಇನ್ನೊಂದು ದಾರಿಯೂ ಇದೆ, ವೈದ್ಯರು, ನರ್ಸ್‌ಗಳಂಥವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ. ಅದರಲ್ಲಿ 45 ನಿಮಿಷದೊಳಗೆ ರೋಗಿಯ ವಿವರ ಓದಿ ಇನ್ನೊಬ್ಬ ವೈದ್ಯರಿಗೋ ನರ್ಸ್‌ಗೋ ಪತ್ರ ಬರೆಯಬೇಕು. ವಾರ್ಡಿನಲ್ಲಿ ದಿನವೂ ಕೇಸ್ ಶೀಟ್ ಬರೆದವಳಿಗೆ ಜಾಗತಿಕ ತಾಪಮಾನದ ಪ್ರಬಂಧಕ್ಕಿಂತ ಇದು ಹತ್ತಿರದ್ದು. ಹೋಗುವ ದೇಶ ಯಾವುದನ್ನು ಒಪ್ಪುತ್ತದೆ ಎಂದು ಮೊದಲು ನೋಡಿಕೊಳ್ಳಲಿ.

ಪರೀಕ್ಷೆ ಮುಗಿದ ಕೂಡಲೇ ಪ್ರಶ್ನೆಪತ್ರಿಕೆ ತಂದು ನಿಮಗೆ ತೋರಿಸಲೇ, ಅಕ್ಕೋರೇ?

ಬೇಡ. ಮರುದಿನಕ್ಕೆ ಇನ್ನೊಂದು ವಿಷಯ ಇರುತ್ತದೆ. ಬರೆದದ್ದನ್ನು ತಿದ್ದಲು ಈಗ ನನ್ನ ಕೈಯಲ್ಲೂ ಆಗುವುದಿಲ್ಲ. ಎಲ್ಲ ಪತ್ರಿಕೆಗಳೂ ಮುಗಿದ ಮೇಲೆ ಒಂದು ಸಂಜೆ ಬನ್ನಿ. ಕೋಕಂ ಶರಬತ್ತು ಮಾಡಿರುತ್ತೇನೆ. ಏಳು ಸಾಲಿನ ಆ ಪುಸ್ತಕವನ್ನು ಮಾತ್ರ ತನ್ನಿ, ಖಾಲಿ ಹಾಳೆ ಇನ್ನೂ ಉಳಿದಿರುತ್ತದಲ್ಲ.